ನಿಲ್ಲಿಸುವ ಹಗ್ಗ: ಫ್ರೀಮಾಂಟ್ ಕಾರ್ಖಾನೆಯ ಇತಿಹಾಸ ಮತ್ತು ನಂಬಿಕೆಯ ಪ್ರಶ್ನೆ

ಸ್ಯಾನ್ ಹೋಸೆಯಿಂದ ಓಕ್ಲೆಂಡ್ ಕಡೆಗೆ 880ನೆಯ ಹೆದ್ದಾರಿಯಲ್ಲಿ ಸಾಗುವಾಗ ಫ್ರೀಮಾಂಟ್‌ನಲ್ಲಿ ಎದುರಾಗುವ ಬೃಹತ್ತಾದ ಬಿಳಿಯ ಕಾರ್ಖಾನೆಯನ್ನು ಕಾಣದವರು ನಮ್ಮ ಸದಸ್ಯರಲ್ಲಿ ವಿರಳ. ಅದು ಇಂದು ಟೆಸ್ಲಾ ಕಂಪನಿಯದು. ನಮ್ಮ ಮಕ್ಕಳಿಗೆ ಅದು ವಿದ್ಯುತ್ ಕಾರುಗಳ ಮನೆ. ನಮ್ಮಲ್ಲಿ ಕೆಲವರಿಗೆ ದಿನನಿತ್ಯದ ಉದ್ಯೋಗಸ್ಥಳ. ಆದರೆ ಆ ಕಟ್ಟಡಕ್ಕೆ ಇದಕ್ಕೂ ಮೊದಲು ಎರಡು ಜನ್ಮಗಳು ಆಗಿ ಹೋಗಿವೆ. ಮೊದಲನೆಯ ಜನ್ಮದಲ್ಲಿ ಅದು ಅಮೆರಿಕದ ಅತ್ಯಂತ ಕೆಟ್ಟ ಕಾರ್ಖಾನೆಗಳಲ್ಲೊಂದೆಂಬ ಅಪಕೀರ್ತಿಗೆ ಗುರಿಯಾಗಿ ಮುಚ್ಚಿತು. ಎರಡನೆಯ ಜನ್ಮದಲ್ಲಿ ಅದೇ ಛಾವಣಿಯ ಅಡಿಯಲ್ಲಿ, ಬಹುಮಟ್ಟಿಗೆ ಅದೇ ಕಾರ್ಮಿಕರು, ಅದೇ ಕಾರ್ಮಿಕ ಸಂಘದ ಸದಸ್ಯರಾಗಿಯೇ, ಎರಡು ವರ್ಷಗಳೊಳಗೆ ಜಗತ್ತಿನ ಉತ್ತಮ ಕಾರ್ಖಾನೆಗಳಿಗೆ ಸರಿಸಮವಾದ ಕಾರುಗಳನ್ನು ತಯಾರಿಸಿ ತೋರಿಸಿದರು.

ವೈದ್ಯವೃತ್ತಿಯಲ್ಲಿರುವ ನಮಗೆ ಮೋಟಾರು ಕಾರ್ಖಾನೆಯ ಇತಿಹಾಸದ ಗೊಡವೆ ಏಕೆಂದು ಓದುಗರು ಕೇಳಬಹುದು. ಈ ಕಥೆಯನ್ನು ನಾವು ಮೊದಲು ಕೇಳಿದ್ದು ಆಸ್ಪತ್ರೆಯ ತರಬೇತಿಯೊಂದರಲ್ಲಿ. ರೋಗಿಯ ಸುರಕ್ಷತೆಯ ಪಾಠದಲ್ಲಿ ಕಾರು ತಯಾರಿಕೆಯ ಉದಾಹರಣೆ ಏಕೆ ಬಂತೆಂದು ಅಂದು ನಮಗೂ ಅಚ್ಚರಿಯಾಗಿತ್ತು. ಕೆದಕುತ್ತಾ ಹೋದಂತೆ, ನೌಕರರ ನಂಬಿಕೆ ಹೇಗೆ ಹುಟ್ಟುತ್ತದೆ, ಹೇಗೆ ಸಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟವೆನಿಸಿತು. ಕಚೇರಿಯ ರಾಜಕೀಯ, ಮೇಲಧಿಕಾರಿಯ ಮರ್ಜಿ, ಲೇಆಫ್‌ಗಳ ಆತಂಕ ಇವುಗಳ ನಡುವೆಯೇ ಬದುಕುತ್ತಿರುವ ನಮ್ಮ ಕುಟುಂಬಗಳಿಗೆ ಇದು ದೂರದ ವಿಷಯವಲ್ಲ.

ನಿಲ್ಲಬಾರದ ಲೈನು

ಜನರಲ್ ಮೋಟಾರ್ಸ್ ಕಂಪನಿಯು ಫ್ರೀಮಾಂಟ್‌ನಲ್ಲಿ ಈ ಕಾರ್ಖಾನೆಯನ್ನು ಆರಂಭಿಸಿದ್ದು 1960ರ ದಶಕದ ಮೊದಲ ವರ್ಷಗಳಲ್ಲಿ. ಅಲ್ಲಿ ಒಂದೇ ಒಂದು ಅಲಿಖಿತ ಶಾಸನವಿತ್ತು: ಅಸೆಂಬ್ಲಿ ಲೈನು ಯಾವ ಕಾರಣಕ್ಕೂ ನಿಲ್ಲಕೂಡದು. ಬಾಗಿಲು ಸರಿಯಾಗಿ ಕೂಡದಿದ್ದರೂ, ಬೋಲ್ಟ್ ಬಿಟ್ಟುಹೋಗಿದ್ದರೂ, ಒಂದು ಮಾದರಿಯ ಕಾರಿಗೆ ಇನ್ನೊಂದರ ಭಾಗ ಸೇರಿಕೊಂಡಿದ್ದರೂ ಕಾರು ಮುಂದಕ್ಕೆ ಸಾಗಲೇಬೇಕು. ಲೋಪಗಳನ್ನು ಹೊತ್ತ ಕಾರುಗಳು ಹೊರಗಿನ ಅಂಗಳದಲ್ಲಿ ಸಾಲುಗಟ್ಟಿ ನಿಂತು ದುರಸ್ತಿಗಾಗಿ ಕಾಯುತ್ತಿದ್ದವು. ಮೇಲಧಿಕಾರಿಗಳ ಲೆಕ್ಕಕ್ಕೆ ಬರುತ್ತಿದ್ದುದು ದಿನಕ್ಕೆ ಎಷ್ಟು ಕಾರು ಹೊರಬಿದ್ದವು ಎಂಬ ಸಂಖ್ಯೆ ಮಾತ್ರ.

ತಾನು ಕಂಡ ತಪ್ಪನ್ನು ಹೇಳಿದರೆ ಕೇಳುವವರಿಲ್ಲ, ಲೈನು ನಿಲ್ಲಿಸಿದರೆ ಕೆಲಸವೇ ಹೋಗುತ್ತದೆ ಎಂಬುದನ್ನು ಕಲಿತ ಕಾರ್ಮಿಕನು ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟನು. ಯಾವುದೇ ದಿನ ಸುಮಾರು ಐದರಲ್ಲಿ ಒಬ್ಬರು ಕೆಲಸಕ್ಕೆ ಬರುತ್ತಿರಲಿಲ್ಲ. ಪಾಳಿಯ ಸಮಯದಲ್ಲೇ ಮದ್ಯಪಾನ, ಜೂಜು ನಡೆಯುತ್ತಿತ್ತು. ಸಂಘದ ಅನುಮತಿಯಿಲ್ಲದ ದಿಢೀರ್ ಮುಷ್ಕರಗಳು ಆಗಾಗ ಸಂಭವಿಸುತ್ತಿದ್ದವು. ಕಾರಿನ ಬಾಗಿಲಿನೊಳಗೆ ಬೇಕೆಂದೇ ಸೀಸೆಯನ್ನಿಟ್ಟು, ಕೊಂಡವನಿಗೆ ಸದಾ ಗಡಗಡ ಸದ್ದು ಕೇಳಿಸುವಂತೆ ಮಾಡುತ್ತಿದ್ದುದನ್ನು ಹಳೆಯ ಕಾರ್ಮಿಕರೇ ಮುಂದೆ ಒಪ್ಪಿಕೊಂಡಿದ್ದಾರೆ. ಫೋರ್‌ಮನ್‌ಗಳ ವಿರುದ್ಧ ಸಲ್ಲಿಸಿದ ಸಾವಿರಾರು ದೂರುಗಳು ಇತ್ಯರ್ಥವಾಗದೆ ಕೊಳೆಯುತ್ತಿದ್ದವು. ಈ ಕಾರ್ಮಿಕಪಡೆಯನ್ನು ದೇಶದ ಮೋಟಾರು ಉದ್ಯಮದಲ್ಲೇ ಅತ್ಯಂತ ಕೆಟ್ಟದ್ದೆಂದು ಬಣ್ಣಿಸಿದವರಲ್ಲಿ ಅವರದೇ ಸಂಘದ ಪ್ರಾದೇಶಿಕ ನಾಯಕರೂ ಇದ್ದರು. 1982ರಲ್ಲಿ ಕಂಪನಿಯು ಬಾಗಿಲು ಮುಚ್ಚಿದಾಗ ಹೆಚ್ಚಿನವರ ತೀರ್ಮಾನ ಸುಲಭವಾಗಿತ್ತು: ಕೆಟ್ಟ ಜನ, ಆದ್ದರಿಂದ ಕೆಟ್ಟ ಕೆಲಸ.

ರೋಗಲಕ್ಷಣವನ್ನೇ ರೋಗವೆಂದು ಭಾವಿಸುವ ತಪ್ಪನ್ನು ವೈದ್ಯರಾದ ನಾವು ವಿದ್ಯಾರ್ಥಿದೆಸೆಯಲ್ಲಿ ಅನೇಕ ಸಲ ಮಾಡಿದ್ದೇವೆ. ಫ್ರೀಮಾಂಟ್‌ನ ರೋಗನಿರ್ಣಯದಲ್ಲಿಯೂ ಅದೇ ತಪ್ಪು ನಡೆದಿತ್ತೆಂಬುದನ್ನು ಮುಂದಿನ ಘಟನೆಗಳು ತೋರಿಸಿದವು.

ಮಗ್ಗದಿಂದ ಬಂದ ವಿಚಾರ

ಆ ಘಟನೆಗಳು ಅರ್ಥವಾಗಬೇಕಾದರೆ ಒಮ್ಮೆ ಜಪಾನಿಗೆ ಹೋಗಿ ಬರಬೇಕು. ಟೊಯೋಟಾ ಮನೆತನದ ಮೂಲವೃತ್ತಿ ಮಗ್ಗಗಳ ತಯಾರಿಕೆ. ಸಾಕಿಚಿ ಟೊಯೋಡಾ ಅವರು 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದ ವೈಶಿಷ್ಟ್ಯವೆಂದರೆ, ಒಂದು ನೂಲು ಕಡಿದರೆ ಮಗ್ಗವು ತಾನಾಗಿಯೇ ನಿಲ್ಲುತ್ತಿತ್ತು. ತಪ್ಪು ಕಂಡೊಡನೆ ನಿಲ್ಲಬೇಕು, ಕೆಟ್ಟ ಬಟ್ಟೆಯನ್ನು ನೇಯುತ್ತಾ ಹೋಗಬಾರದು ಎಂಬ ಈ ತತ್ತ್ವವೇ ಮುಂದೆ ಅವರ ಕಾರು ಕಾರ್ಖಾನೆಗೂ ಬಂದಿತು. ಅಲ್ಲಿ ನೂಲಿನ ಜಾಗದಲ್ಲಿ ಕಾರ್ಮಿಕನ ಕಣ್ಣು. ಅವನ ಕೈಗೆಟಕುವಂತೆ ತಲೆಯ ಮೇಲೆ ಉದ್ದಕ್ಕೂ ಕಟ್ಟಿದ ಒಂದು ಹಗ್ಗ.

ಈ ಕಂಪನಿಯ ಇತಿಹಾಸವೂ ಕಲಹರಹಿತವಾಗಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ, 1950ರಲ್ಲಿ, ಟೊಯೋಟಾದಲ್ಲಿ ದೊಡ್ಡ ಮುಷ್ಕರ ನಡೆಯಿತು. ಕಾರ್ಮಿಕರಲ್ಲಿ ಸುಮಾರು ಕಾಲುಭಾಗ ಜನ ಕೆಲಸ ಕಳೆದುಕೊಂಡರು. ಆದರೆ ಸಾಕಿಚಿಯವರ ಮಗ, ಕಂಪನಿಯ ಸ್ಥಾಪಕ ಕಿಇಚಿರೋ ಟೊಯೋಡಾ, ನೈತಿಕ ಹೊಣೆ ಹೊತ್ತು ತಾವೂ ಅಧ್ಯಕ್ಷಪದವಿಗೆ ರಾಜೀನಾಮೆ ನೀಡಿದರು. ಉಳಿದವರಿಗೆ ಉದ್ಯೋಗದ ಭದ್ರತೆ ದೊರೆಯಿತು. ಪ್ರತಿಯಾಗಿ ಅವರು ಯಾವ ಕೆಲಸಕ್ಕಾದರೂ ಒಗ್ಗಿಕೊಳ್ಳಲು ಒಪ್ಪಿದರು. ಹಗ್ಗದ ಹಿಂದೆ ಈ ಒಪ್ಪಂದವಿದೆ ಎಂಬುದನ್ನು ಮರೆಯಬಾರದು. ತಪ್ಪನ್ನು ತೋರಿಸಿದರೆ, ಕೆಲಸವನ್ನು ಸರಳಗೊಳಿಸುವ ಉಪಾಯ ಹೇಳಿದರೆ, ಅದರಿಂದ ತನ್ನ ಅನ್ನಕ್ಕೇ ಸಂಚಕಾರ ಬರುವುದಿಲ್ಲವೆಂಬ ಭರವಸೆ ಇಲ್ಲದೆ ಯಾವ ಕಾರ್ಮಿಕನೂ ಬಾಯಿ ಬಿಡಲಾರ.

ಎರಡನೆಯ ಜನ್ಮ

1983ರಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಕೂಡಿ ಫ್ರೀಮಾಂಟ್ ಕಾರ್ಖಾನೆಯನ್ನು ಮತ್ತೆ ತೆರೆಯಲು ಒಪ್ಪಿಕೊಂಡವು. ಅಮೆರಿಕದ ಕಂಪನಿಗೆ ಸಣ್ಣ ಕಾರನ್ನು ಲಾಭದಾಯಕವಾಗಿ ತಯಾರಿಸುವ ವಿದ್ಯೆ ಬೇಕಿತ್ತು. ಜಪಾನಿನ ಕಂಪನಿಗೆ ಅಮೆರಿಕದ ಕಾರ್ಮಿಕರೊಡನೆ ತನ್ನ ಪದ್ಧತಿ ನಡೆಯುತ್ತದೆಯೇ ಎಂಬುದನ್ನು ಅರಿಯಬೇಕಿತ್ತು. ಹೊಸ ಸಂಸ್ಥೆಗೆ ನ್ಯೂ ಯುನೈಟೆಡ್ ಮೋಟಾರ್ ಮ್ಯಾನ್ಯುಫ್ಯಾಕ್ಚರಿಂಗ್ ಎಂದು ಹೆಸರಿಟ್ಟರು. ಎಲ್ಲರೂ ಚಿಕ್ಕದಾಗಿ ‘ನೂಮಿ’ ಎಂದು ಕರೆದರು. ಕಿಇಚಿರೋ ಅವರ ಕಿರಿಯ ಮಗ ತಾತ್ಸುರೋ ಟೊಯೋಡಾ ಅದರ ಮೊದಲ ಅಧ್ಯಕ್ಷರಾದರು.

ಹಳೆಯ ಕಾರ್ಮಿಕ ಸಂಘವನ್ನು ಒಪ್ಪಿಕೊಳ್ಳಲು ಟೊಯೋಟಾ ಮೊದಲು ಹಿಂಜರಿಯಿತು. ಅಮೆರಿಕದ ಮಾಜಿ ಕಾರ್ಮಿಕ ಸಚಿವ ವಿಲಿಯಂ ಯೂಸರಿ ಅವರು ಮಧ್ಯಸ್ಥಿಕೆ ವಹಿಸಿದರು. ಕೊನೆಗೆ ಸಂಘಕ್ಕೆ ಮಾನ್ಯತೆ ದೊರೆಯಿತು. ಹೊಸದಾಗಿ ನೇಮಕಗೊಂಡ ಕಾರ್ಮಿಕರಲ್ಲಿ ನೂರಕ್ಕೆ ಸುಮಾರು 85ರಷ್ಟು ಮಂದಿ ಹಳೆಯ ಕಾರ್ಖಾನೆಯವರೇ ಆಗಿದ್ದರು. ಗಲಾಟೆಕೋರರೆಂದು ಹೆಸರು ಪಡೆದಿದ್ದ ಸಂಘದ ಮುಂದಾಳುಗಳೂ ಅವರಲ್ಲಿದ್ದರು.

ನೂರಾರು ಮಂದಿಯನ್ನು ತಂಡತಂಡವಾಗಿ ಜಪಾನಿನ ತಕಾವೋಕಾ ಕಾರ್ಖಾನೆಗೆ ಕೆಲವು ವಾರಗಳ ತರಬೇತಿಗೆ ಕಳುಹಿಸಲಾಯಿತು. ಅಲ್ಲಿ ಅವರು ಕಂಡದ್ದು ಹಿಂದೆಂದೂ ಕಾಣದ ದೃಶ್ಯ. ಕೆಲಸದಲ್ಲಿ ತೊಡಕುಂಟಾದ ಕಾರ್ಮಿಕನು ಹಗ್ಗವನ್ನೆಳೆಯುತ್ತಾನೆ. ಒಂದು ಇಂಪಾದ ಸಂಗೀತ ಮೊಳಗುತ್ತದೆ. ತಂಡದ ಮುಖ್ಯಸ್ಥ ಓಡಿಬಂದು ಏನಾಯಿತೆಂದು ವಿಚಾರಿಸಿ ಕೈಜೋಡಿಸುತ್ತಾನೆ. ಆ ಒಂದು ನಿಮಿಷದ ಅವಧಿಯೊಳಗೆ ಸರಿಹೋಗದಿದ್ದರೆ ಇಡೀ ಲೈನು ನಿಲ್ಲುತ್ತದೆ. ಯಾರೂ ಬೈಯುವುದಿಲ್ಲ. ತರಬೇತಿ ಮುಗಿದು ಬೀಳ್ಕೊಡುವ ದಿನ, ವರ್ಷಗಟ್ಟಲೆ ಫೋರ್‌ಮನ್‌ಗಳೊಡನೆ ಸೆಣಸಿದ್ದ ಗಟ್ಟಿಗರು ಜಪಾನಿನ ಜೊತೆಗಾರರನ್ನು ಅಪ್ಪಿಕೊಂಡು ಕಣ್ಣೀರಿಟ್ಟರೆಂದು ಅಲ್ಲಿದ್ದವರು ನೆನಪಿಸಿಕೊಂಡಿದ್ದಾರೆ.

1984ರ ಡಿಸೆಂಬರಿನಲ್ಲಿ ಫ್ರೀಮಾಂಟ್‌ನಲ್ಲಿ ಕಾರುಗಳ ತಯಾರಿಕೆ ಮತ್ತೆ ಆರಂಭವಾಯಿತು. ಅಧಿಕಾರಿಗಳಿಗೆಂದೇ ಮೀಸಲಾದ ಊಟದ ಕೋಣೆಯಾಗಲಿ, ಕಾರು ನಿಲ್ಲಿಸುವ ಜಾಗವಾಗಲಿ ಇರಲಿಲ್ಲ. ಕೆಲಸಗಾರರನ್ನು ಬೇರ್ಪಡಿಸುತ್ತಿದ್ದ ಹತ್ತಾರು ದರ್ಜೆಗಳನ್ನು ಬೆರಳೆಣಿಕೆಗೆ ಇಳಿಸಲಾಯಿತು. ಇವೆಲ್ಲಕ್ಕಿಂತ ನಮ್ಮ ಗಮನ ಸೆಳೆದದ್ದು ಸ್ಟಾಪ್‌ವಾಚ್‌ನ ವಿಷಯ. ಫ್ರೆಡರಿಕ್ ಟೇಲರ್ ಅವರು 1911ರಲ್ಲಿ ಪ್ರಕಟಿಸಿದ ವೈಜ್ಞಾನಿಕ ನಿರ್ವಹಣೆಯ ಗ್ರಂಥದ ಕಾಲದಿಂದ ಸ್ಟಾಪ್‌ವಾಚ್ ಎಂಬುದು ಕಾರ್ಮಿಕನ ಬೆನ್ನ ಹಿಂದೆ ನಿಂತ ಪರೀಕ್ಷಕನ ಆಯುಧವಾಗಿತ್ತು. ಫ್ರೀಮಾಂಟ್‌ನಲ್ಲಿ ಅದನ್ನು ಕಾರ್ಮಿಕರ ಕೈಗೇ ಕೊಟ್ಟರು. ತಂಡದವರೇ ಪರಸ್ಪರರ ಕೆಲಸವನ್ನು ಅಳೆದು, ಚರ್ಚಿಸಿ, ಉತ್ತಮವಾದ ಕ್ರಮವನ್ನು ತಾವೇ ಬರೆದಿಟ್ಟರು. ಪಾಲ್ ಆಡ್ಲರ್ ಎಂಬ ವಿದ್ವಾಂಸರು 1993ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಇದನ್ನು ವಿವರವಾಗಿ ವಿಶ್ಲೇಷಿಸಿದ್ದಾರೆ. ಕೆಲಸದ ಶಿಸ್ತು ಕಡಿಮೆಯಾಗಲಿಲ್ಲ. ಆ ಶಿಸ್ತಿನ ಕರ್ತೃಗಳು ಬದಲಾದರು.

ಫಲಿತಾಂಶವನ್ನು ಎಂಐಟಿ ಸಂಶೋಧಕರು ಅಳೆದಿದ್ದಾರೆ. 1986ರ ಸುಮಾರಿಗೆ ಒಂದು ಕಾರನ್ನು ಜೋಡಿಸಲು ಜನರಲ್ ಮೋಟಾರ್ಸ್‌ನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಗೆ 31 ಗಂಟೆಗಳ ಶ್ರಮ ಬೇಕಾಗುತ್ತಿದ್ದರೆ, ತಕಾವೋಕಾಗೆ 16, ಫ್ರೀಮಾಂಟ್‌ಗೆ 19 ಸಾಕಾಗುತ್ತಿತ್ತು. ನೂರು ಕಾರುಗಳಿಗೆ ಲೋಪಗಳ ಸಂಖ್ಯೆ ಫ್ರೇಮಿಂಗ್‌ಹ್ಯಾಮ್‌ನಲ್ಲಿ 130ರ ಆಸುಪಾಸಿನಲ್ಲಿದ್ದರೆ, ತಕಾವೋಕಾ ಮತ್ತು ಫ್ರೀಮಾಂಟ್ ಎರಡರಲ್ಲೂ 45. ಗೈರುಹಾಜರಿ ನೂರಕ್ಕೆ 20ರಿಂದ ಮೂರು ನಾಲ್ಕಕ್ಕೆ ಇಳಿಯಿತು. ಕೆಟ್ಟವರೆಂದು ತೀರ್ಪು ಪಡೆದಿದ್ದವರೇ ಈ ಕೆಲಸವನ್ನು ಮಾಡಿದ್ದರು.

ಮಾತಿಗೆ ಬಂದ ಪರೀಕ್ಷೆ

ಆರಂಭದ ಉತ್ಸಾಹ ಎಲ್ಲೆಡೆಯೂ ಇರುತ್ತದೆ. ನಂಬಿಕೆಯ ನಿಜವಾದ ಪರೀಕ್ಷೆ ನಡೆಯುವುದು ಕಷ್ಟಕಾಲದಲ್ಲಿ. 1987-88ರಲ್ಲಿ ಫ್ರೀಮಾಂಟ್‌ನಲ್ಲಿ ತಯಾರಾಗುತ್ತಿದ್ದ ಷೆವರ್ಲೆ ನೋವಾ ಕಾರಿನ ಮಾರಾಟ ಕುಸಿಯಿತು. ಕಾರ್ಖಾನೆಯ ಸಾಮರ್ಥ್ಯದಲ್ಲಿ ದೊಡ್ಡ ಭಾಗ ಬಳಕೆಯಾಗದೆ ಉಳಿಯಿತು. ಹಳೆಯ ರೂಢಿಯಂತೆ ನಡೆದಿದ್ದರೆ ನೂರಾರು ಮಂದಿ ಮನೆಗೆ ಹೋಗಬೇಕಿತ್ತು. ಆದರೆ ಸಂಘದೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಕಂಪನಿಯ ಅಸ್ತಿತ್ವಕ್ಕೇ ಧಕ್ಕೆ ಬಂದ ಹೊರತು ಯಾರನ್ನೂ ತೆಗೆಯುವುದಿಲ್ಲ, ಅದಕ್ಕೂ ಮೊದಲು ಅಧಿಕಾರಿಗಳ ಸಂಬಳವನ್ನು ಕಡಿತಗೊಳಿಸುತ್ತೇವೆ ಎಂಬ ಮಾತಿತ್ತು. ಆ ಮಾತನ್ನು ಉಳಿಸಿಕೊಂಡರು. ಲೈನಿನಲ್ಲಿ ಕೆಲಸವಿಲ್ಲದವರನ್ನು ತರಬೇತಿಗೂ, ಕೆಲಸದ ಸುಧಾರಣೆಗೂ ತೊಡಗಿಸಿದರು. ಒಬ್ಬರನ್ನೂ ಲೇಆಫ್ ಮಾಡಲಿಲ್ಲ.

ಕಾರ್ಮಿಕರಲ್ಲಿ ಅಳಿದುಳಿದಿದ್ದ ಸಂಶಯವನ್ನು ಕರಗಿಸಿದ್ದು ಆ ದಿನಗಳೇ. ನಂಬಿಕೆಯ ಮೊದಲ ಕಂತನ್ನು ತೆರಬೇಕಾದವರು ಆಡಳಿತದವರು, ಅದೂ ನಷ್ಟದ ಕಾಲದಲ್ಲಿ, ಎಂಬುದು ಈ ಇತಿಹಾಸದಿಂದ ನಾವು ಅರಿತ ಮುಖ್ಯ ಸಂಗತಿ.

ನಕಲಿಗೆ ಸಿಗದದ್ದು

ಹಾಗಾದರೆ ಜನರಲ್ ಮೋಟಾರ್ಸ್ ಇದನ್ನು ತನ್ನ ಉಳಿದ ಕಾರ್ಖಾನೆಗಳಲ್ಲಿ ಏಕೆ ಅಳವಡಿಸಲಿಲ್ಲ? ಪ್ರಯತ್ನವೇನೋ ನಡೆಯಿತು. ಲಾಸ್ ಏಂಜಲೀಸ್ ಬಳಿಯ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ತಂಡಪದ್ಧತಿಯನ್ನು ತರಲು ಹೊರಟಾಗ, ಕಾರ್ಮಿಕ ಸಂಘವೇ ಎರಡು ಬಣಗಳಾಗಿ ಒಡೆಯಿತು. ಮತದಾನದಲ್ಲಿ ಅದು ಅಲ್ಪ ಅಂತರದಿಂದ ಅಂಗೀಕಾರವಾಯಿತು. ಕಾರ್ಖಾನೆ ಮುಚ್ಚುವ ಭಯ ಹುಟ್ಟಿಸಿ ತಮ್ಮಿಂದ ಸೇವಾಜ್ಯೇಷ್ಠತೆಯ ಹಕ್ಕುಗಳನ್ನು ಕಿತ್ತುಕೊಳ್ಳಲಾಗುತ್ತಿದೆ ಎಂದು ಅನೇಕ ಕಾರ್ಮಿಕರು ಭಾವಿಸಿದರು. ಫೋರ್‌ಮನ್‌ಗಳಿಗೆ ತಮ್ಮ ದರ್ಪ ಹೋಗುವ ಚಿಂತೆ. ಹಿರಿಯ ಅಧಿಕಾರಿಗಳ ಬೋನಸ್ ಇನ್ನೂ ಕಾರುಗಳ ಸಂಖ್ಯೆಯನ್ನೇ ಅವಲಂಬಿಸಿತ್ತು. ಹೀಗಿರುವಾಗ ಲೈನು ನಿಲ್ಲಿಸಿದ ಕಾರ್ಮಿಕನನ್ನು ಅವರು ಯಾವ ಕಣ್ಣಿನಿಂದ ನೋಡಿಯಾರು? ಹಗ್ಗವನ್ನು ಕಟ್ಟಿದರು, ಎಳೆಯುವ ಧೈರ್ಯವನ್ನು ಕೊಡಲಿಲ್ಲ. ಆ ಕಾರ್ಖಾನೆ 1992ರಲ್ಲಿ ಮುಚ್ಚಿತು.

ಫ್ರೀಮಾಂಟ್‌ನಲ್ಲಿ ಕಲಿತು ಹಿಂದಿರುಗಿದ ಬೆರಳೆಣಿಕೆಯಷ್ಟು ಅಧಿಕಾರಿಗಳ ಪಾಡೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಅವರನ್ನು ಬೃಹತ್ ಸಂಸ್ಥೆಯ ಬೇರೆ ಬೇರೆ ಮೂಲೆಗಳಿಗೆ ಚದುರಿಸಲಾಯಿತು. ತಮ್ಮ ತಮ್ಮ ವಿಭಾಗವನ್ನು ಪಾಳೆಯಪಟ್ಟಿನಂತೆ ಕಾಯುತ್ತಿದ್ದವರ ನಡುವೆ ಹೊಸ ಮಾತನ್ನು ಕೇಳುವವರು ಕಡಿಮೆ. ನೂಮಿಯ ಪ್ರತಿ ಅಂಗುಲವನ್ನೂ ಛಾಯಾಚಿತ್ರ ತೆಗೆದು ಹಾಗೆಯೇ ನಕಲು ಮಾಡಿರೆಂದು ಒಬ್ಬ ಮೇಲಧಿಕಾರಿ ಆಜ್ಞಾಪಿಸಿದರೆಂಬ ಕಥೆಯೊಂದು ಪ್ರಚಲಿತದಲ್ಲಿದೆ. ಯಂತ್ರ, ಹಗ್ಗ, ದೀಪ ಚಿತ್ರದಲ್ಲಿ ಸಿಗುತ್ತವೆ. ಕೆಲಸಗಾರನಿಗೂ ಫೋರ್‌ಮನ್‌ಗೂ ನಡುವಿನ ಸಂಬಂಧ ಸಿಗುವುದಿಲ್ಲ.

ಪದ್ಧತಿಯ ಮಿತಿಗಳು

ಇಷ್ಟು ಹೇಳಿ ನಿಲ್ಲಿಸಿದರೆ ಇದು ಸ್ತೋತ್ರವಾದೀತು. ನೂಮಿಯ ಟೀಕಾಕಾರರು ಹೇಳಿದ್ದನ್ನೂ ದಾಖಲಿಸಬೇಕು. ಮೈಕ್ ಪಾರ್ಕರ್ ಮತ್ತು ಜೇನ್ ಸ್ಲಾಟರ್ ಅವರು 1988ರಲ್ಲಿಯೇ ಇದನ್ನು ಒತ್ತಡದ ಮೂಲಕ ನಡೆಸುವ ಆಡಳಿತವೆಂದು ಕರೆದರು. ಒಂದು ನಿಮಿಷದಲ್ಲಿ ಉಸಿರಾಡಲೂ ಬಿಡುವಿಲ್ಲದಂತೆ ಕೆಲಸ ತುಂಬಿಸಲಾಗುತ್ತದೆ ಎಂಬುದು ಅವರ ಆಕ್ಷೇಪ. 1993ರಲ್ಲಿ ಹೊಸ ಮಾದರಿಯ ಕಾರನ್ನು ಆರಂಭಿಸುವ ಅವಸರದಲ್ಲಿ ಕಾರ್ಮಿಕರ ಮಣಿಕಟ್ಟು, ಭುಜ, ಬೆನ್ನುಗಳ ನೋವಿನ ಪ್ರಕರಣಗಳು ಹೆಚ್ಚಿ, ಕ್ಯಾಲಿಫೋರ್ನಿಯಾದ ಔದ್ಯೋಗಿಕ ಸುರಕ್ಷತಾ ಇಲಾಖೆಯು ಕಂಪನಿಗೆ ನೋಟಿಸು ಕೊಟ್ಟಿತು. ಒಂದೇ ಚಲನೆಯನ್ನು ದಿನಕ್ಕೆ ನೂರಾರು ಬಾರಿ ಮಾಡುವ ಕೈಯ ಕಷ್ಟವನ್ನು ವೈದ್ಯರಾದ ನಾವು ಬಲ್ಲೆವು. ಅದನ್ನು ಹೇಳಿಕೊಳ್ಳಲೂ ಒಂದು ಹಗ್ಗ ಬೇಕು.

ಇದೇ ಟೊಯೋಟಾ ನಮ್ಮ ನಾಡಿಗೂ ಬಂದಿದೆ. ಬೆಂಗಳೂರಿನ ಸಮೀಪದ ಬಿಡದಿಯಲ್ಲಿ ಕಿರ್ಲೋಸ್ಕರ್ ಸಮೂಹದ ಜೊತೆಗೂಡಿ ಸ್ಥಾಪಿಸಿದ ಕಾರ್ಖಾನೆಯಿಂದ 1999ರ ಕೊನೆಯಲ್ಲಿ ಮೊದಲ ಕ್ವಾಲಿಸ್ ವಾಹನಗಳು ಹೊರಬಂದವು. ಊರಿಗೆ ಹೋದಾಗ ನಾವೆಲ್ಲ ಹತ್ತುವ ಇನ್ನೋವಾ ಅಲ್ಲಿಯದೇ. ಪದ್ಧತಿ ಅದೇ ಆಗಿದ್ದರೂ ಅಲ್ಲಿ ಮುಷ್ಕರ, ಲಾಕ್‌ಔಟ್‌ಗಳು ಮರುಕಳಿಸಿವೆ. 2014ರಲ್ಲಿ ವೇತನದ ಮಾತುಕತೆ ಮುರಿದು ಕಾರ್ಖಾನೆಗೆ ಬೀಗ ಬಿತ್ತು. ಮತ್ತೆ ಒಳಗೆ ಬರಬೇಕಾದರೆ ಸನ್ನಡತೆಯ ಮುಚ್ಚಳಿಕೆ ಬರೆದುಕೊಡಬೇಕೆಂಬ ಷರತ್ತು ಕಾರ್ಮಿಕರನ್ನು ಕೆರಳಿಸಿತು. 2020ರ ನವೆಂಬರಿನಲ್ಲಿ ಸಂಘದ ಪದಾಧಿಕಾರಿಯೊಬ್ಬರ ಅಮಾನತಿನಿಂದ ಆರಂಭವಾದ ಧರಣಿ ತಿಂಗಳುಗಟ್ಟಲೆ ಬೆಳೆಯಿತು. ಕೆಲಸದ ಹೊರೆ ಸಹಿಸಲಾಗದು ಎಂಬುದು ಕಾರ್ಮಿಕರ ದೂರು. ಶಿಸ್ತನ್ನು ಉಲ್ಲಂಘಿಸಲಾಗಿದೆ ಎಂಬುದು ಕಂಪನಿಯ ವಾದ. ಯಾರದು ಸರಿಯೆಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಒಂದು ಊರಿನಲ್ಲಿ ಫಲಿಸಿದ ಪದ್ಧತಿಯು ಇನ್ನೊಂದು ಊರಿನಲ್ಲಿ ಕಂಪನಿಯ ಹೆಸರಿನ ಬಲದಿಂದಲೇ ಫಲಿಸುವುದಿಲ್ಲ ಎಂಬುದಂತೂ ಸ್ಪಷ್ಟ.

ಆಸ್ಪತ್ರೆಯ ಹಗ್ಗ

ಈಗ ನಮ್ಮ ವೃತ್ತಿಯ ಮಾತು. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ನಾಯಕತ್ವವಿರುವ ವಾರ್ಡುಗಳಲ್ಲಿ ತಪ್ಪು ಕಡಿಮೆ ಇರಬೇಕೆಂಬುದು ನಿರೀಕ್ಷೆ. ದಾಖಲೆಗಳಲ್ಲಿ ಕಂಡದ್ದು ತದ್ವಿರುದ್ಧ: ಅಲ್ಲಿಯೇ ತಪ್ಪುಗಳ ಸಂಖ್ಯೆ ಹೆಚ್ಚು. ಕಾರಣವನ್ನು ಹುಡುಕಿದಾಗ ತಿಳಿದುಬಂದದ್ದೇನೆಂದರೆ, ಆ ವಾರ್ಡುಗಳ ನರ್ಸುಗಳು ತಪ್ಪುಗಳನ್ನು ನಿರ್ಭಯವಾಗಿ ಹೇಳುತ್ತಿದ್ದರು, ಉಳಿದೆಡೆ ಮುಚ್ಚಿಡುತ್ತಿದ್ದರು. ದೂರುಗಳಿಲ್ಲದ ಕಚೇರಿಯನ್ನು ಆರೋಗ್ಯವಂತ ಕಚೇರಿಯೆಂದು ತಿಳಿಯುವ ಮೇಲಧಿಕಾರಿಗಳು ಈ ಅಧ್ಯಯನವನ್ನು ನೆನಪಿಡಬೇಕು.

ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆಯ ಹಿರಿಯರು 2002ರಲ್ಲಿ ಜಪಾನಿಗೆ ಹೋಗಿ ಟೊಯೋಟಾದ ಕ್ರಮವನ್ನು ಕಂಡುಬಂದು, ಯಾವ ಸಿಬ್ಬಂದಿಯಾದರೂ ರೋಗಿಗೆ ಅಪಾಯ ಕಂಡರೆ ಕೆಲಸವನ್ನು ನಿಲ್ಲಿಸಬಹುದೆಂಬ ನಿಯಮವನ್ನು ತಂದರು. 2004ರಲ್ಲಿ ಅಲ್ಲಿಯೇ ಒಂದು ದುರಂತ ನಡೆಯಿತು: ಒಬ್ಬ ರೋಗಿಗೆ ಬಣ್ಣದ ದ್ರವದ ಬದಲು ಕ್ರಿಮಿನಾಶಕ ದ್ರವದ ಚುಚ್ಚುಮದ್ದು ಕೊಟ್ಟು ಅವರು ತೀರಿಕೊಂಡರು. ಆಸ್ಪತ್ರೆಯು ಅದನ್ನು ಮುಚ್ಚಿಡದೆ ಸಾರ್ವಜನಿಕವಾಗಿ ಕ್ಷಮೆ ಕೇಳಿತು. ಆಡಳಿತದವರು ತಮ್ಮ ತಪ್ಪನ್ನು ಒಪ್ಪಿಕೊಂಡದ್ದನ್ನು ಕಂಡ ಮೇಲೆ ಸಿಬ್ಬಂದಿಯೂ ಹೆಚ್ಚು ಹೆಚ್ಚಾಗಿ ಮಾತನಾಡತೊಡಗಿದರು.

ನಾವು ಕರ್ನಾಟಕದಲ್ಲಿ ಹೌಸ್ ಸರ್ಜನ್ ಆಗಿದ್ದ ದಿನಗಳ ಒಂದು ಬೆಳಗು ನೆನಪಾಗುತ್ತದೆ. ರೌಂಡ್ಸ್‌ನಲ್ಲಿ ಹಿರಿಯರು ಹೇಳಿದ ಔಷಧಿಯ ಪ್ರಮಾಣ ಆ ರೋಗಿಗೆ ಹೆಚ್ಚಾಯಿತೆಂದು ನಮಗೆ ಅನ್ನಿಸಿತ್ತು. ಹಿಂದಿನ ವಾರ ಪ್ರಶ್ನೆ ಕೇಳಿದ ಸಹಪಾಠಿಗೆ ಎಲ್ಲರೆದುರು ಆದ ಅವಮಾನವನ್ನು ಕಂಡಿದ್ದ ನಾವು ತಲೆ ತಗ್ಗಿಸಿ ಬರೆದುಕೊಂಡೆವು. ರೌಂಡ್ಸ್ ಮುಗಿದ ಮೇಲೆ ವಾರ್ಡಿನ ಹಿರಿಯ ಸಿಸ್ಟರ್ ನಮ್ಮನ್ನು ಪಕ್ಕಕ್ಕೆ ಕರೆದು, “ಡಾಕ್ಟ್ರೇ, ಇದನ್ನು ಇನ್ನೊಂದು ಸಲ ನೋಡಿ, ನಾನಿನ್ನೂ ಕೊಟ್ಟಿಲ್ಲ” ಎಂದರು. ರೋಗಿ ಗುಣವಾಗಿ ಮನೆಗೆ ಹೋದರು. ಆ ತಪ್ಪು ಎಲ್ಲಿಯೂ ದಾಖಲಾಗಲಿಲ್ಲ. ಆದ್ದರಿಂದ ಯಾರೂ ಅದರಿಂದ ಏನನ್ನೂ ಕಲಿಯಲಿಲ್ಲ. ನಮ್ಮ ಮೌನವನ್ನು ನಾವು ಬಹುಕಾಲ ವಿನಯವೆಂದು ಕರೆದುಕೊಂಡೆವು. ಅದು ಭಯವಾಗಿತ್ತು.

ಉಪಸಂಹಾರ

ನೂಮಿಯ ಕಥೆ ಸುಖಾಂತವಲ್ಲ. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿಯಾಗಿ ಪಾಲುದಾರಿಕೆಯಿಂದ ಹೊರಬಂದಿತು. ಟೊಯೋಟಾ ಒಂಟಿಯಾಗಿ ಮುಂದುವರಿಸಲು ಒಪ್ಪದೆ, 2010ರ ಏಪ್ರಿಲ್ 1ರಂದು ಬಾಗಿಲು ಮುಚ್ಚಿತು. ಸುಮಾರು 4,700 ಮಂದಿ ಕೆಲಸ ಕಳೆದುಕೊಂಡರು. ಇಪ್ಪತ್ತೈದು ವರ್ಷ ಕೊಟ್ಟ ಮಾತಿಗೆ ಇದೇ ಪ್ರತಿಫಲವೇ ಎಂದು ಕೇಳಿದವರಿಗೆ ಸಮಾಧಾನಕರವಾದ ಉತ್ತರವಿರಲಿಲ್ಲ. ಅದೇ ವರ್ಷ ಕಟ್ಟಡವನ್ನು ಟೆಸ್ಲಾ ಕೊಂಡುಕೊಂಡಿತು.

ನಮ್ಮ ಸದಸ್ಯರಲ್ಲಿ ಅನೇಕರು ಇಂದು ತಂಡಗಳನ್ನು ನಡೆಸುವ ಸ್ಥಾನದಲ್ಲಿದ್ದಾರೆ. ಇನ್ನನೇಕರು ವೀಸಾದ ಭಯದಲ್ಲಿ ಮ್ಯಾನೇಜರ್ ಎದುರು ತುಟಿ ಬಿಚ್ಚದೆ ದುಡಿಯುತ್ತಿದ್ದಾರೆ. ಎರಡನೆಯವರಿಗೆ ಧೈರ್ಯವಾಗಿರಿ ಎಂದು ಉಪದೇಶಿಸುವುದು ಸುಲಭ, ನ್ಯಾಯವಲ್ಲ. ನಮ್ಮ ಮಾತೇನಿದ್ದರೂ ಮೊದಲನೆಯವರಿಗೆ. ನಿಮ್ಮ ತಂಡದಲ್ಲಿ ಕಳೆದ ಒಂದು ತಿಂಗಳಲ್ಲಿ ಯಾರಾದರೂ ನಿಮ್ಮ ನಿರ್ಧಾರ ತಪ್ಪೆಂದು ಹೇಳಿದ್ದಾರೆಯೇ? ಹೇಳಿದವರಿಗೆ ಆಮೇಲೆ ಏನಾಯಿತು? ಈ ಎರಡು ಪ್ರಶ್ನೆಗಳನ್ನು ನಮ್ಮ ಕ್ಲಿನಿಕ್ಕಿನಲ್ಲಿ ನಾವು ನಮಗೇ ಕೇಳಿಕೊಳ್ಳುತ್ತಿದ್ದೇವೆ. ಸ್ವಯಂಸೇವಕರಿಂದಲೇ ನಡೆಯುವ ನಮ್ಮ ಸಂಘದ ಸಮಿತಿಯಲ್ಲಿಯೂ ಕೇಳಿಕೊಳ್ಳುವುದು ಒಳ್ಳೆಯದು. ಮುಂದಿನ ಸಲ ಆ ಬಿಳಿಯ ಕಟ್ಟಡದ ಪಕ್ಕದಲ್ಲಿ ಹಾದುಹೋಗುವಾಗ, ಅಲ್ಲಿ ಒಂದು ಕಾಲದಲ್ಲಿ ಸಾಮಾನ್ಯ ಕಾರ್ಮಿಕರೊಬ್ಬರು ಕೈಯೆತ್ತಿ ಇಡೀ ಕಾರ್ಖಾನೆಯನ್ನು ನಿಲ್ಲಿಸಬಹುದಾಗಿತ್ತೆಂಬುದನ್ನು ಮಕ್ಕಳಿಗೂ ಹೇಳೋಣ.